ಲೂಪೆ ಆಂಟಿಯ ನರ, ನನ್ನ ಎಣ್ಣೆ

ಬೆಳಿಗ್ಗೆ ಔಷಧಿ ಡಬ್ಬ ಜಾಲಾಡುವಾಗ ಮಹಾನಾರಾಯಣ ತೈಲದ ಹಳೆಯ ಸೀಸೆ ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ ನೋಡಿ, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಈ ಅಚ್ಚುಕಟ್ಟಾದ ಅಡುಗೆಮನೆಗೆ ಲೂಪೆ ಆಂಟಿಯೇ ಬಂದು ಕೂತಂತಾಯಿತು. ಮೆಕ್ಸಿಕೋ ಮೂಲದ ಆಕೆಗೂ ಈ ಎಣ್ಣೆಗೂ ಏನು ಸಂಬಂಧ ಎನ್ನುತ್ತೀರಾ? ಎಲ್ಲ ನನ್ನ ಭಾಷಾಪಾಂಡಿತ್ಯದ ಪ್ರತಾಪ.

ಈ ಮನೆ ಕೊಳ್ಳುವ ಮೊದಲು ನಾವು ಹ್ಯೂಸ್ಟನ್ನಿನ ಪೂರ್ವದಲ್ಲಿ ಬಾಡಿಗೆಗಿದ್ದೆವು. ಬೀದಿಯ ತುಂಬ ಸ್ಪ್ಯಾನಿಷ್ ಮಾತಾಡುವ ಮನೆಗಳು, ಕನ್ನಡದ್ದು ನಮ್ಮದೊಂದೇ. ಬೀದಿಯುದ್ದಕ್ಕೂ ತೆರೆದ ಚರಂಡಿ, ಅದರೊಳಗೆ ಹೂಳು, ಹುಲ್ಲು, ಯಾರೋ ಎಸೆದ ಟೈರು. ಜೋರು ಮಳೆ ಬಂದರೆ ನೀರು ನೆಟ್ಟಗೆ ಮನೆಗಳಿಗೇ ನುಗ್ಗುತ್ತಿತ್ತು. ನಮ್ಮಲ್ಲೂ ಒಮ್ಮೆ ಮೊಣಕಾಲುದ್ದ ನಿಂತು ಸೋಫಾ ತೇಲಿಸಿ ಹೋಗಿತ್ತು. ಎದುರುಮನೆಯ ಲೂಪೆ ಆಂಟಿಗಂತೂ ಅದು ಎಷ್ಟನೆಯ ಸಲವೋ. ಮೋಡ ಕಟ್ಟಿತೆಂದರೆ ಆಕೆಯ ಕೈ ನಡುಗುತ್ತಿತ್ತು. ಎದೆ ಬಿಗಿದು, ಮಾತು ನಿಂತು, ಬಾಗಿಲ ಸಂದಿಗೆ ಬಟ್ಟೆ ತುರುಕುತ್ತ ಕೂತುಬಿಡುತ್ತಿದ್ದರು. ಮನೆ ಮಾರಿ ತಾಯಿಯನ್ನು ತನ್ನಲ್ಲಿಗೆ ಕರೆದೊಯ್ಯುತ್ತೇನೆಂದು ಡಲ್ಲಾಸಿನಲ್ಲಿದ್ದ ಮಗಳು ಹಟ ಹಿಡಿದಿದ್ದಳು. ತೀರಿಹೋದ ಗಂಡನ ಜೊತೆ ಕೂಡಿ ಮಾಡಿಕೊಂಡ ಮನೆ. ಬಿಡಲು ಆಂಟಿಗೆ ಮನಸ್ಸೇ ಇರಲಿಲ್ಲ.

ಏನಾಗುತ್ತದೆ ನಿಮಗೆ ಎಂದು ಒಮ್ಮೆ ಕೇಳಿದೆ. "ನೆರ್ವಿಯೋಸ್, ಮಿಹಾ," ಎಂದರು. ಮಿಹಾ ಎಂದರೆ ಮಗಳೇ, ಅಷ್ಟು ಗೊತ್ತಿತ್ತು. ನೆರ್ವಿಯೋಸ್ ಎಂದರೆ ಅವರಲ್ಲಿ ಮನಸ್ಸಿನ ಕಳವಳ ಎಂದು ತಿಳಿದದ್ದು ಆಮೇಲೆ; ಆಗ ಅದರಲ್ಲಿ ನನಗೆ ಕೇಳಿಸಿದ್ದು ನಮ್ಮ ನರ. ನರದ ತೊಂದರೆಗೆ ಮೈಸೂರಿನ ನಮ್ಮ ಮನೆಯಲ್ಲಿ ಎಣ್ಣೆಯಲ್ಲದೆ ಇನ್ನೇನು ಮದ್ದು? ಬೆಚ್ಚಗೆ ಮಾಡಿ ಬಟ್ಟಲಲ್ಲಿ ತಂದು, ನನ್ನ ಹರಕು ಸ್ಪ್ಯಾನಿಷಿನಲ್ಲಿ, "ಎಲ್ಲಿ ನೋವು, ತೋರ್ಸಿ ಆಂಟಿ, ತಿಕ್ತೀನಿ," ಎಂದೆ.

ಆಂಟಿ ನನ್ನನ್ನೂ ಬಟ್ಟಲನ್ನೂ ನೋಡಿದರು. ಕೈ ಹಿಡಿದು ಹೊರಗೆ ಕರೆದೊಯ್ದು ಚರಂಡಿಯತ್ತ ಬೆರಳು ಮಾಡಿ, "ಇಲ್ಲಿ ನೋವು. ಇಲ್ಲಿ ತಿಕ್ಕು," ಎಂದರು.

ಎಣ್ಣೆ ಹಿಡಿದು ಚರಂಡಿಯ ಮುಂದೆ ನಿಂತ ನನ್ನನ್ನು ನೀವೇ ಊಹಿಸಿಕೊಳ್ಳಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಮುಗಿದ ಮೇಲೆ ಆಂಟಿ ಅತ್ತರು. ನನಗೂ ಅಳು ಬಂತು.

ನಗರಾಡಳಿತಕ್ಕೆ ದೂರು ಕೊಟ್ಟು, ಕಾದು ಕಾದು ಸಾಕಾಗಿ, ಒಂದು ಭಾನುವಾರ ಚರ್ಚು ಮುಗಿದ ಮೇಲೆ ಬೀದಿಯವರೇ ಸಲಿಕೆ ಹಿಡಿದರು. ನನ್ನ ಪಾಲಿಗೆ ಟೈರು ಬಂತು. ಮುಂದಿನ ಮಳೆಯಲ್ಲಿ ನೀರು ಚರಂಡಿ ಬಿಟ್ಟು ಈಚೆ ಬರಲಿಲ್ಲ. ಆಂಟಿಯ ಕೈ ಮಾತ್ರ ನಡುಗುತ್ತಲೇ ಇತ್ತು.

"ನೀರು ಹರಿದುಹೋಯ್ತಲ್ಲ ಆಂಟಿ, ಇನ್ಯಾಕೆ ಭಯ?"

"ನನಗೆ ಗೊತ್ತಾಯ್ತು ಮಿಹಾ. ನರಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಆಮೇಲೆ ಮೋಡ ಕಟ್ಟಿದಾಗೆಲ್ಲ ಯಾರಾದರೊಬ್ಬರು ಹೋಗಿ ಆಕೆಯ ಪಕ್ಕ ಕೂರುವುದು ಬೀದಿಯ ರೂಢಿಯಾಯಿತು. ಅದನ್ನು ಕಂಡು ಮಗಳೂ ಹಟ ಬಿಟ್ಟಳು.

ಇದನ್ನೆಲ್ಲ ನೆನೆಯುತ್ತಿರುವಾಗಲೇ ಹೊರಗೆ ಮಳೆ ಹಿಡಿಯಿತು. ತಡೆಯಲಾರದೆ ಆಂಟಿಗೆ ಫೋನ್ ಮಾಡಿದೆ.

"ಇಲ್ಲೂ ಜೋರು ಮಳೆ. ಬಾಗಿಲು ತೆಗೆದು ಕಾಫಿ ಕುಡೀತಾ ಕೂತಿದೀನಿ," ಎಂದರು. "ನೀನೇನು ಮಾಡ್ತಿದೀಯ?"

"ಸುಮ್ನೆ ಕೂತಿದೀನಿ ಆಂಟಿ," ಎಂದು ಕೆಳಗೆ ನೋಡಿಕೊಂಡೆ. ಎಂದೂ ನೀರು ಬಾರದ ಈ ಮನೆಯ ಬಾಗಿಲ ಬಳಿ ಮಂಡಿಯೂರಿ, ಸುತ್ತಿದ ಟವೆಲನ್ನು ಸಂದಿಗೆ ತುರುಕುತ್ತಿದ್ದೆ.

ಟವೆಲನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕೂತೆ. ಕೊನೆಗೆ, "ನೆರ್ವಿಯೋಸ್, ಆಂಟಿ," ಎಂದೆ.

ಆಕೆ ನಗಲಿಲ್ಲ. "ಎಲ್ಲಿ ನೋವು, ತೋರ್ಸು ಮಿಹಾ," ಎಂದರು.