ಈರುಳ್ಳಿ ಸಾಲಿನ ನೀರಿನ ಬಾಟಲಿ

ಆಗುವುದೇ ಇಲ್ಲ ಎಂದವಳು ನನ್ನ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ.

ಹಳದೀಪುರ ದಾಟಿ ಕುಮಟೆಯ ಕಡೆ ಹೋಗುವ ಹೆದ್ದಾರಿಯಲ್ಲಿ, ಬೇಸಿಗೆ ಬಂತೆಂದರೆ ಜಡೆ ಹೆಣೆದ ಈರುಳ್ಳಿ ಗೊಂಚಲುಗಳನ್ನು ತೂಗುಹಾಕಿಕೊಂಡು ಹೆಂಗಸರು ಸಾಲಾಗಿ ಕೂರುತ್ತಾರೆ. ಆ ಸಾಲಿನಲ್ಲಿ ಒಂದು ತಾಡಪತ್ರಿ ಅಂಗಡಿ ಅಮ್ಮನದು, ಅದರ ಪಕ್ಕದ್ದು ದೊಡ್ಡಮ್ಮನದು. ನಾನಾಗ ಹೊನ್ನಾವರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರೇ ಇಲ್ಲ.

“ನಿನ್ನಮ್ಮ ಹಗಲಲ್ಲಿ ನೀರು ಕುಡಿಯೂದು, ನೀನು ಡಿಗ್ರಿ ಮುಗಿಸೂದು, ಎರಡೂ ಆಗೂದಲ್ಲ ಕೂಸೆ,” ಎಂದಳು ದೊಡ್ಡಮ್ಮ, ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಒಂದು ಕೆನ್ನೆಗೆ ತಳ್ಳಿ. “ಬೇಕಾರೆ ಬರೆದಿಟ್ಕೊ.”

ಬರೆದಿಟ್ಟುಕೊಂಡೆ! ಪ್ರಾಣಿಶಾಸ್ತ್ರದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ, ಕೆಂಪು ಪೆನ್ನಿನಲ್ಲಿ.

ಆ ಮಾತು ಬಂದದ್ದಕ್ಕೆ ಕಾರಣವಿತ್ತು. ಅದೇ ವಾರ ಅಮ್ಮನ ಕಾಲು ಬಾತುಕೊಂಡಿತ್ತು. ಕುಮಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ, ಮೂತ್ರ, ಬಿಪಿ ಎಲ್ಲ ಪರೀಕ್ಷೆ ಮಾಡಿದ ಡಾಕ್ಟರು ಕೇಳಿದರು, “ನೀವು ಯಾವುದಾದರೂ ಗುಳಿಗೆ ತಿನ್ನುತ್ತೀರಾ?” ಅಮ್ಮ ಕವಳದ ಸಂಚಿ ಬಿಚ್ಚಿದಳು. ಅಡಿಕೆಯ ಜೊತೆ ನೋವಿನ ಗುಳಿಗೆಯ ಹಾಳೆ!

“ತಲೆನೋವಿಗೆ ದಿನಾ ಒಂದು. ಬಿಸಿಲು ಜೋರಾದ್ರೆ ಎರಡು.”

“ನೀರು ಯಾವಾಗ ಕುಡಿಯುತ್ತೀರಿ?”

“ಮನೆಗೆ ಹೋದ ಮೇಲೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಕಿಡ್ನಿ ಸೋತಿಲ್ಲ, ಆದರೆ ಸೋಲುವ ದಾರಿ ಹಿಡಿದಿದೆ ಎಂದರು. ನೋವಿನ ಗುಳಿಗೆ ಬಂದ್. ಬಿಪಿ ಗುಳಿಗೆ ತಪ್ಪದೆ ದಿನಾ. ಉಪ್ಪು ಕಡಿಮೆ. ಇಷ್ಟು ಹೊತ್ತಿಗೆ ಇಷ್ಟು ನೀರು ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ. ಅಷ್ಟರಲ್ಲಿ ರಕ್ತದಲ್ಲಿನ ಕ್ರಿಯೇಟಿನಿನ್ ಇನ್ನೂ ಏರಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುವುದೇ.

ನನಗೆ ನಾಚಿಕೆಯಾಯಿತು. ಕಿಡ್ನಿಯ ಚಿತ್ರವನ್ನು ಮೂರು ಬಣ್ಣದಲ್ಲಿ ಬರೆದು ಪೂರ್ತಿ ಅಂಕ ತೆಗೆದವಳು ನಾನು. ಒಂದೇ ಒಲೆಯ ಮುಂದೆ ಕೂತು ಉಣ್ಣುವ ಅಮ್ಮನಿಗೂ ಅದೇ ಕಿಡ್ನಿ ಎರಡಿವೆ ಎಂದು ಒಂದು ದಿನವೂ ಅನಿಸಿರಲಿಲ್ಲ.

ಮರುದಿನವೇ ದೊಡ್ಡ ಬಾಟಲಿ ತಂದೆ. ಹತ್ತು ಗಂಟೆಗೆ ಇಲ್ಲಿಯವರೆಗೆ, ಮಧ್ಯಾಹ್ನಕ್ಕೆ ಇಲ್ಲಿಯವರೆಗೆ ಎಂದು ರಬ್ಬರ್‌ಬ್ಯಾಂಡ್ ಹಾಕಿ ಗುರುತು ಮಾಡಿದೆ. ಸಂಜೆ ನೋಡಿದರೆ ಬಾಟಲಿ ಖಾಲಿ! ಎಂಟು ದಿನವೂ ಖಾಲಿ. ನನ್ನ ಖುಷಿ ಹೇಳತೀರದು. ಒಂಬತ್ತನೇ ದಿನ ಕಾಲೇಜು ಬೇಗ ಬಿಟ್ಟಿತು. ಬಸ್ಸಿಳಿದು ನೋಡುತ್ತೇನೆ, ಮುರ್ಡೇಶ್ವರಕ್ಕೆ ಹೊರಟ ಕಾರೊಂದು ಬಾನೆಟ್ಟು ತೆರೆದು ಹೊಗೆಯಾಡುತ್ತಿದೆ, ಅದರ ಡ್ರೈವರು ನನ್ನ ಬಾಟಲಿಯನ್ನು ಒಳಗೆ ಬಗ್ಗಿಸುತ್ತಿದ್ದಾನೆ!

“ಅಮ್ಮಾ, ನಿನ್ನೆಯದು ಎಂತ ಆತು?”

“ನಿನ್ನೆ ಭಟ್ಕಳದ ಗಿರಾಕಿ ಕೈ ತೊಳ್ಕಂಡ್ರು.”

ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು. “ಕಾರಿನ ಕಿಡ್ನಿ ಗಟ್ಟಿ ಆತು ಕಾಣೆ!”

ನಾನು ಸಿಟ್ಟಿನಲ್ಲಿ ಕೂಗಾಡಿದೆ. ಅಮ್ಮ ತಲೆ ಎತ್ತದೆ ಗೊಂಚಲು ಸರಿಮಾಡುತ್ತ ಮೆಲ್ಲಗೆ ಹೇಳಿದಳು, “ಕುಡಿದ್ರೆ ಹೋಗೂದೆಲ್ಲಿಗೆ? ಈ ಬದಿ ರಸ್ತೆ, ಆ ಬದಿ ಬೋಳು ಗದ್ದೆ. ಗಂಡಸರಾದ್ರೆ ಎಲ್ಲಿ ಬೇಕಾದ್ರೂ ನಿಲ್ತ್ರು.”

ಅಮ್ಮ ಒಬ್ಬಳೇ ಅಲ್ಲ, ಇಡೀ ಸಾಲು ಹಾಗೆಯೇ. ಹೊಸಬಳು ಬಂದು ಕೂತರೆ ಜಡೆ ಹೆಣೆಯುವುದನ್ನು ಕಲಿಸುವಾಗಲೇ ಇದನ್ನೂ ಕಲಿಸುತ್ತಾರೆ: ಬೆಳಿಗ್ಗೆ ಅರ್ಧ ಲೋಟ ಚಾ, ಆಮೇಲೆ ಮನೆಗೆ ಹೋಗುವವರೆಗೆ ಏನೂ ಇಲ್ಲ. ನೀರಿಲ್ಲದೆ ತಲೆನೋವು, ತಲೆನೋವಿಗೆ ಗುಳಿಗೆ. ಇದು ನನ್ನ ಯಾವ ನೋಟ್ಸಿನಲ್ಲೂ ಇರಲಿಲ್ಲ.

ತಾಡಪತ್ರಿಯ ಹಿಂದೆ, ಗದ್ದೆಯ ಏರಿ ದಾಟಿದರೆ ಒಬ್ಬ ಅಜ್ಜಿಯ ಮನೆ. ಸರಕಾರ ಕಟ್ಟಿಸಿಕೊಟ್ಟ ಕಕ್ಕಸು ಇತ್ತು. ಬಾಗಿಲು ತೆರೆದರೆ ನೆಲದಿಂದ ಮಾಡಿನವರೆಗೆ ತೆಂಗಿನಕಾಯಿ!

“ಕಾಯಿ ಎಲ್ಲಿಡೂದೆ? ನಿನ್ನ ತಲೆ ಮೇಲಾ?” ಎಂದಳು ಅಜ್ಜಿ.

“ತಲೆ ಮೇಲೇ ಹೊತ್ತು ಕೊಟ್ಟಿಗೆ ಅಟ್ಟಕ್ಕೆ ಹಾಕ್ತೆ ಅಜ್ಜೀ!”

ಒಂದು ಭಾನುವಾರ ಪೂರ್ತಿ ಹೊತ್ತೆ. ಮಧ್ಯಾಹ್ನದ ಹೊತ್ತಿಗೆ ಸಾಲಿನ ಹೆಂಗಸರೂ ಬಂದು ಕೈ ಹಾಕಿದರು. ಕಾಯಿಯ ಅಡಿಯಲ್ಲಿ ಬಿಳೀ ಕಕ್ಕಸು, ಒಂದು ದಿನವೂ ಬಳಸದ್ದು, ಹೊಸದರಂತೆ ಹೊಳೆಯಿತು. ಅಜ್ಜಿ ಹಾಕಿದ ಷರತ್ತು ಎರಡೇ: ಹೋದವರು ಬಕೆಟ್ ತುಂಬಿಸಿಡಬೇಕು, ಬಂದವರು ತನ್ನ ಹತ್ತಿರ ಒಂದು ಮಾತಾಡಿ ಹೋಗಬೇಕು.

ಅಮ್ಮ ಮೊದಲ ರಬ್ಬರ್‌ಬ್ಯಾಂಡಿನವರೆಗೆ ಕುಡಿದದ್ದನ್ನು ನಾನು ಕಣ್ಣಾರೆ ನೋಡಿದೆ. ಹನ್ನೊಂದಕ್ಕೆ ಎದ್ದು ಸೆರಗು ಸಿಕ್ಕಿಸಿಕೊಂಡಳು.

“ಎಲ್ಲಿಗೆ?” ಎಂದಳು ದೊಡ್ಡಮ್ಮ.

“ಅಜ್ಜಿ ಕಾಯಿ ನೋಡ್ಕಂಡು ಬತ್ತೆ!”

ಇಡೀ ಸಾಲು ನಕ್ಕಿತು. ಅಂದಿನಿಂದ ಎಲ್ಲರೂ ಕಾಯಿ ನೋಡಲು ಹೋಗುವವರೇ. ದೊಡ್ಡಮ್ಮ ಮಾತ್ರ ಹೋಗಲಿಲ್ಲ, ಕುಡಿಯಲೂ ಇಲ್ಲ. “ನಂದು ಹಳೇ ಗಾಡಿ, ನೀರು ಕೇಳೂದಿಲ್ಲ.”

ಸ್ವಲ್ಪ ದಿನದಲ್ಲೇ ಅಮ್ಮನ ತಲೆನೋವು ಬಿಟ್ಟಿತು, ಗುಳಿಗೆಯಿಲ್ಲದೆ! ಉಪ್ಪಿನ ಜಗಳ ಮಾತ್ರ ದಿನಾ ಇತ್ತು. ಒಣಮೀನು ವಾರಕ್ಕೊಮ್ಮೆ, ಅದೂ ಮೂರು ನೀರಿನಲ್ಲಿ ನೆನೆಸಿ ತೊಳೆದದ್ದು. ಗಂಜಿಗೆ ಉಪ್ಪಿನಕಾಯಿಯ ಬದಲು ಪಲ್ಯ. “ನಾನೆಂತ ಬಾಣಂತಿಯನೆ?” ಎಂದು ಬೈಯುತ್ತಲೇ ಉಣ್ಣುತ್ತಿದ್ದಳು.

ಮಳೆ ಹಿಡಿದು ಅಂಗಡಿ ಎತ್ತಿದ ವಾರ ಮತ್ತೆ ಕುಮಟೆ. ಡಾಕ್ಟರು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅಮ್ಮ ನನ್ನ ಕೈ ಹಿಡಿದಿದ್ದಳು, ಉಗುರು ಒತ್ತುವಷ್ಟು ಬಿಗಿಯಾಗಿ.

“ಇಳಿದಿದೆ. ಹೀಗೇ ನಡೆಸಿಕೊಂಡು ಹೋಗಿ. ಬಿಪಿ ಗುಳಿಗೆ ನಿಲ್ಲಿಸಬೇಡಿ, ಆಗಾಗ ತೋರಿಸುತ್ತಿರಿ.”

ನಾನು ಹೊರಗಿನ ಜಗಲಿಯಲ್ಲಿ ಕುಣಿದೇಬಿಟ್ಟೆ! ನರ್ಸಮ್ಮ ಗದರಿದರೂ ಲೆಕ್ಕಕ್ಕಿಲ್ಲ.

ನನ್ನ ಫಲಿತಾಂಶವೂ ಬಂತು. ಪಾಸು, ಮೊದಲ ದರ್ಜೆಯಲ್ಲಿ! ಪದವಿ ಪತ್ರ ಕೊಡುವ ದಿನ ಹೊನ್ನಾವರದ ಕಾಲೇಜಿಗೆ ಅಮ್ಮನೂ ದೊಡ್ಡಮ್ಮನೂ ಬಸ್ಸಿನಲ್ಲಿ ಬಂದರು. ಅಮ್ಮನ ಮಡಿಲಲ್ಲಿ ಅದೇ ಬಾಟಲಿ, ಅವೇ ರಬ್ಬರ್‌ಬ್ಯಾಂಡುಗಳು. ಭಾಷಣಗಳು ಮುಗಿಯಲೊಲ್ಲವು, ಸೆಖೆ ಬೇರೆ. ಕೊನೆಗೂ ನನ್ನನ್ನು ಕರೆದರು. ಪತ್ರ ಇಸಿದುಕೊಂಡು ಇಳಿದವಳು ನೇರ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕೈ ಒರೆಸಿಕೊಂಡು, ಅಂಚು ಮಾತ್ರ ಹಿಡಿದು, ನೋಡಿ ನೋಡಿ ಅಕ್ಕನಿಗೆ ಕೊಟ್ಟಳು. ದೊಡ್ಡಮ್ಮನಿಗೆ ಓದಲು ಬರುವುದಿಲ್ಲ. ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿ, ನನ್ನ ಕೈಗಿಟ್ಟಳು.

“ಆತು, ಎರಡೂ ಆತು. ಈಗ ಆ ಬಾಟ್ಲಿ ಇತ್ಲಾಗೆ ಕೊಡು ಕೂಸೆ, ಗಂಟಲೆಲ್ಲ ಒಣಗಿ ಹೋತು. ಮತ್ತೆ ಇಲ್ಲಿ ಕಾಯಿ ನೋಡೂಕೆ ಎಲ್ಲಿಗೆ ಹೋಗೂದು, ಅದ್ನೂ ಕೇಳ್ಕಂಡು ಬಾ.”