ಮಂಕಿ ಕ್ಯಾಪಿನ ಕಿತ್ತಳೆ ಪಟ್ಟಿ

ಚಳಿ ಶುರುವಾಯಿತೆಂದು ಎಡಿಸನ್ ಊರಿನ ನಮ್ಮ ಮನೆಯಲ್ಲಿ ಉಣ್ಣೆ ಬಟ್ಟೆಗಳನ್ನು ಕ್ಲಾಸೆಟ್ಟಿನಿಂದ ಇಳಿಸುತ್ತಿದ್ದೆ. ನುಸಿಗುಳಿಗೆಯ ವಾಸನೆಯ ನಡುವೆ ಅತ್ತೆ ಹೆಣೆದುಕೊಟ್ಟ ಕಂದು ಮಂಕಿ ಕ್ಯಾಪು ಕೈಗೆ ಬಂತು. ಅದಕ್ಕೆ ಸುತ್ತಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಹಾಗೇ ಇದೆ. ನಿಮಗೆ ನಗು ಬರಬಹುದು, ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಹೋದ ವರ್ಷ ಇದೇ ದಿನಗಳಲ್ಲಿ ಜಿಂಕೆ ಬೇಟೆಗೆ ಹೋಗಿದ್ದೆವು. ಹುರುಳಿಕಾಯಿಯಲ್ಲಿ ಹುಳ ಕಂಡರೆ ಕಿಟಕಿಯಾಚೆ ಬಿಟ್ಟುಬರುವ ನನಗೆ ಬೇಟೆ ಏಕೆ ಎಂದು ಕೇಳಬೇಡಿ. ಪಕ್ಕದೂರು ಮನ್ರೋದಲ್ಲಿರುವ ದೇವಯ್ಯ ಕೊಡಗಿನವನು, ನನ್ನನ್ನು ಅಕ್ಕ ಎನ್ನುತ್ತಾನೆ. ಲೈಸೆನ್ಸ್ ಪಡೆದು, ಗೈಡ್ ಗೊತ್ತುಮಾಡಿ, ನೋಡಲಾದರೂ ಬನ್ನಿ ಎಂದ. ಮನೆಯ ಹೊರಗೆ ಮಾತ್ರ ಮಾಂಸ ತಿನ್ನುವ ನನ್ನವರಿಗೆ ಅದರ ಆಸೆ, ನನಗೆ ಎಲೆಯುದುರಿದ ಬೆಟ್ಟದ ಆಸೆ. ಗೈಡ್ ಬಿಳಿ ಗಡ್ಡದ, ಮೆಲುದನಿಯ ಮನುಷ್ಯ. ಕೊಲ್ಲುವುದು ಎಂಬ ಮಾತನ್ನೇ ಆಡುತ್ತಿರಲಿಲ್ಲ, ಹಾರ್ವೆಸ್ಟ್, ಅಂದರೆ ಕೊಯ್ಲು, ಎನ್ನುತ್ತಿದ್ದ. ಒಂದೇ ಗುಂಡು, ಒಂದು ತುಂಡೂ ದಂಡವಾಗಬಾರದು, ಬಿದ್ದ ಪ್ರಾಣಿಯ ಮುಂದೆ ಟೋಪಿ ತೆಗೆದು ಒಂದು ನಿಮಿಷ ನಿಲ್ಲಬೇಕು. ನಮ್ಮ ಶ್ರಾದ್ಧದ ಪುರೋಹಿತರೂ ಇಷ್ಟು ಕಟ್ಟುನಿಟ್ಟಲ್ಲ. ಎಲ್ಲರಿಗೂ ಕಿತ್ತಳೆ ಜಾಕೆಟ್ಟು, ಟೋಪಿ ತೊಡಿಸಿದ. ಈ ಬಣ್ಣ ಕಂಡರೆ ಯಾರೂ ಗುಂಡು ಹಾರಿಸುವುದಿಲ್ಲವಂತೆ.

ನನ್ನವರಿಗೆ ಕೆಮ್ಮು. ಜಿಂಕೆ ಓಡಿಹೋಗುತ್ತದೆಂದು ಗೈಡ್ ಅವರನ್ನು ಟ್ರಕ್ಕಿನಲ್ಲೇ ಬಿಟ್ಟ. ನಾವು ಮೂವರು ಇಳಿಜಾರಿನ ಮರೆಯಲ್ಲಿ ಕುಳಿತೆವು. ಟ್ರಕ್ಕಿನಲ್ಲಿ ಇವರು ಚಳಿ ತಡೆಯಲಾರದೆ ಕಿತ್ತಳೆ ಟೋಪಿಯ ಮೇಲೆ ತಮ್ಮಮ್ಮನ ಮಂಕಿ ಕ್ಯಾಪು ಎಳೆದುಕೊಂಡು, ಜಾಕೆಟ್ಟಿನ ಮೇಲೆ ನಾನು ಚೀಲಕ್ಕೆ ಹಾಕಿದ್ದ ಕಂದು ಶಾಲು ಹೊದ್ದು, ಫಿಲ್ಟರ್ ಕಾಫಿ ಆರುವ ಮೊದಲು ನಮಗೂ ಕೊಡೋಣವೆಂದು ಫ್ಲಾಸ್ಕ್ ಹಿಡಿದು ಹೊರಟರಂತೆ. ಅದೆಲ್ಲ ಆಮೇಲೆ ತಿಳಿದದ್ದು.

ನಾನು ಕಂಡದ್ದು ಇಷ್ಟು. ಪೊದೆಯಲ್ಲಿ ಕಂದು ಬಣ್ಣ ಅಲುಗಿತು. ಗೈಡ್ ಬೈನಾಕ್ಯುಲರನ್ನು ಆಚೆ ಬದಿಗೆ ತಿರುಗಿಸಿದ್ದ. ದೇವಯ್ಯ ಕೋವಿ ಎತ್ತಿದ. ಆ ಕಂದು ಬಣ್ಣದ ಅಂಚಿನಲ್ಲಿ ನನ್ನ ಶಾಲಿನ ಕುಚ್ಚು ಕಂಡೆ. ನನ್ನ ಬಾಯಿ ತೆರೆಯಲಿಲ್ಲ. ಆದರೂ ಕೋವಿ ಕೆಳಗಿಳಿಯಿತು.

ಗೈಡ್ ಬೈಯಲಿಲ್ಲ. ಕೋವಿಯಿಂದ ಗುಂಡು ತೆಗೆಸಿದ, ಮರಕ್ಕೆ ಗುರುತು ಕಟ್ಟುವ ಪಟ್ಟಿಯನ್ನು ಮಂಕಿ ಕ್ಯಾಪಿಗೆ ಸುತ್ತಿದ, ಎಲ್ಲರನ್ನೂ ವಾಪಸ್ ಕರೆತಂದ.

“ಕೆಮ್ಮು ಕೇಳಿಸ್ತು ಅಕ್ಕ,” ಎಂದ ದೇವಯ್ಯ ಕಾರಿನಲ್ಲಿ. “ಜಿಂಕೆ ಹಾಗೆ ಕೆಮ್ಮಲ್ಲ.”

“ನಾನು ಕೆಮ್ಮಲೇ ಇಲ್ಲ ಕಣಯ್ಯ, ಉಸಿರು ಬಿಗಿ ಹಿಡ್ಕೊಂಡು ಬರ್ತಿದ್ದೆ,” ಎಂದರು ಇವರು. “ಇವಳು ‘ರೀ’ ಅಂದಳು. ನಿಂತೆ.”

ಕೂಗಿದ್ದರೆ ನನಗೆ ನೆನಪಿರಬೇಡವೇ? ಕೂಗದಿದ್ದರೆ, ಹದಿನೆಂಟು ವರ್ಷ ಸಂಸಾರ ಮಾಡಿದವಳು ಸುಮ್ಮನೆ ನೋಡುತ್ತ ಕುಳಿತಿದ್ದೆನೇ? ಟ್ರೈನಿನಲ್ಲಿ ಕೆಲಸಕ್ಕೆ ಕಮ್ಯೂಟ್ ಮಾಡುವಾಗ, ಒಗ್ಗರಣೆ ಹಾಕುವಾಗ, ಆ ಕುಚ್ಚು ಅಲುಗುತ್ತದೆ, ನಾನು ಬಾಯಿ ತೆರೆಯಲು ನೋಡುತ್ತೇನೆ. ಒಗ್ಗರಣೆ ಸೀಯುತ್ತದೆ.

ಇವತ್ತು ಅಂಗಳದ ಎಲೆ ಗುಡಿಸಲು ಹೊರಟ ಇವರು ಆ ಕ್ಯಾಪನ್ನೇ ಕೇಳಿದರು. ಕೊಟ್ಟೆ. ಅವರು ಮೆಟ್ಟಿಲಿಳಿದ ಮೇಲೆ ಬಾಗಿಲಲ್ಲಿ ನಿಂತು, “ರೀ,” ಎಂದೆ. ತಿರುಗಿದರು.

“ಅವತ್ತು ಹೀಗೇ ಕೂಗಿದ್ನಾ?”

ಅವರು ಪೊರಕೆಯ ಉದ್ದ ಹಿಡಿಗೆ ಗದ್ದ ಊರಿ ಯೋಚಿಸಿದರು. “ಇಷ್ಟು ಜೋರಾಗಿ ಅಲ್ಲ ಅನ್ಸುತ್ತೆ. ಇನ್ನೊಂದ್ಸಲ ಕೂಗು.”

ಮೆಲ್ಲಗೆ ಕೂಗಿದೆ. ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಕೂಗಿದೆ.