ಮಹಡಿಯ ಮೇಲಿನ ಖಾಲಿ ಕೋಣೆ

ಅನ್ಯಾಯವನ್ನು ಗುರುತಿಸಲು ಒಮ್ಮೆ ಕಲಿತವನು ಮತ್ತೆಂದೂ ಮೊದಲಿನ ಮನುಷ್ಯನಾಗಿ ಉಳಿಯಲಾರ. ಜಯನಗರದ ಕಾಲೇಜೊಂದರಲ್ಲಿ ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ವರ್ಷವರ್ಷವೂ ನಾನು ಹೀಗೆಂದು ಉಪದೇಶಿಸುತ್ತಿದ್ದೆ. ಊಟದ ನಂತರದ ಪೀರಿಯಡ್ ಆದ್ದರಿಂದ ಬಹುಪಾಲು ಮಂದಿ ಮೊದಲಿನ ಮನುಷ್ಯರಾಗಿಯೇ ಆಕಳಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ತಂಡದಲ್ಲಿ ಮಾತ್ರ ಇಬ್ಬರು ಎಚ್ಚರವಾಗಿದ್ದರು. ಒಬ್ಬಳು ರಾಯಚೂರು ಕಡೆಯ ದಲಿತ ಹುಡುಗಿ. ಅವಳಿದ್ದ ಪಿ.ಜಿ. ಮುಚ್ಚುವುದರಲ್ಲಿತ್ತು. ತಿಂಗಳೊಳಗೆ ಕೋಣೆ ಸಿಗದಿದ್ದರೆ ಓದು ಬಿಟ್ಟು ಬಾ ಎಂದು ಅಪ್ಪ ಹೇಳಿಬಿಟ್ಟಿದ್ದ. ಬನಶಂಕರಿ, ಬಿಟಿಎಂ ಎಲ್ಲ ಸುತ್ತಿಯಾಗಿತ್ತು. ಇನ್ನೊಬ್ಬಳು ಯಡಿಯೂರು ಕೆರೆಯ ಹತ್ತಿರದ ಸ್ವಂತ ಮನೆಯವಳು, ತರಗತಿಗೇ ಚುರುಕು.

ಬಾಡಿಗೆ ಮನೆ ಕೇಳಿ ಬಂದವರ ಜಾತಿ ವಿಚಾರಿಸುವ ಪದ್ಧತಿಯನ್ನೇ ಒಂದು ದಿನ ಪಾಠಕ್ಕೆ ಎತ್ತಿಕೊಂಡೆ. ರಾಯಚೂರಿನವಳು ಎದ್ದು ಹೇಳಿದಳು: "ನಮ್ಮ ಕಡೆ ಹೊರಗ ನಿಲ್ಲಿಸಿ ಕೇಳ್ತಾರ್ರಿ ಸರ್. ಇಲ್ಲಿ ಒಳಗ ಕುಂದ್ರಿಸಿ, ಕಾಫಿ ಕೊಟ್ಟು ಕೇಳ್ತಾರ."

ತರಗತಿ ನಕ್ಕಿತು. ಯಡಿಯೂರಿನವಳು ಕೆರಳಿದಳು. "ಛೀ, ನಾಚ್ಕೆ ಆಗ್ಬೇಕು! ನಮ್ಮನೆ ಮಹಡಿ ಮೇಲೆ ರೂಮ್ ಖಾಲಿ ಇದೆ ಕಣೇ. ಸಂಜೇನೇ ಬಾ."

ಪಾಠವೊಂದು ಜೀವಮಾನದಲ್ಲಿ ಒಮ್ಮೆಯಾದರೂ ಫಲ ಬಿಡುವುದನ್ನು ಕಣ್ಣಾರೆ ನೋಡಲು ನಾನೂ ಜೊತೆಗೆ ಹೋದೆ. ಆ ಮನೆಯಲ್ಲಿ ಕೂರಿಸಿದರು. ಕಾಫಿ ಬಂತು. ರಾಯಚೂರಿನವಳು ನನ್ನ ಮುಖ ನೋಡಿದಳು.

"ನಿಮ್ದು ಯಾವ ಜನಾಮ್ಮಾ?" ಎಂದರು ಯಡಿಯೂರಿನವಳ ತಾಯಿ.

ಅವಳು ಮುಚ್ಚಿಡದೆ ಹೇಳಿದಳು.

"ಅಯ್ಯೋ, ನಂಗೇನೂ ಇಲ್ಲ ಸಾರ್. ನಮ್ಮತ್ತೆ ಮಡಿ ಅಂತಾರೆ, ಅಷ್ಟೇ."

"ನನ್ಯಾಕೆ ಎಳೀತೀಯೇ?" ಎಂದರು ಒಳಕೋಣೆಯಿಂದ ಅತ್ತೆ. "ನಂಗೆ ಕಣ್ಣೇ ಕಾಣಲ್ಲ. ಅಕ್ಕಪಕ್ಕದೋರು ಏನಂತಾರೋ ನೋಡ್ಕೊ!"

ಅಕ್ಕಪಕ್ಕದವರನ್ನು ಕೇಳಿದ್ದರೆ ಅವರು ಹಿಂದಿನ ಬೀದಿಯತ್ತ ಕೈ ತೋರಿಸುತ್ತಿದ್ದರು. ಬೆಂಗಳೂರಿನಲ್ಲಿ ಜಾತಿ ಮಾಡುವವರನ್ನು ಹುಡುಕಿ ಹೊರಟರೆ ಗಡಿ ದಾಟಿ ಹೊಸೂರು ತಲುಪಬೇಕಾದೀತು.

ನನ್ನ ಚುರುಕು ಶಿಷ್ಯೆ ಗೇಟಿನವರೆಗೆ ಬಂದಳು. "ಬೇಜಾರ್ ಮಾಡ್ಕೋಬೇಡಿ ಸಾರ್. ನೀವೇ ಹೇಳಿದ್ರಲ್ಲ, ವ್ಯಕ್ತಿಗಳನ್ನ ದೂಷಿಸ್ಬಾರ್ದು, ತಪ್ಪು ವ್ಯವಸ್ಥೇದು ಅಂತ."

ಹೇಳಿದ್ದೆ. ನೋಟ್ಸ್ ಕೂಡ ಬರೆಸಿದ್ದೆ.

ಬಸ್ ಸ್ಟಾಪಿನವರೆಗೆ ರಾಯಚೂರಿನವಳ ಜೊತೆ ನಡೆದೆ. ಬಸ್ಸು ಬಂದಾಗ, "ಕಾಫಿ ಚಲೋ ಇತ್ರಿ ಸರ್," ಎಂದಳು.

ಆಮೇಲೂ ಬಹಳ ವರ್ಷ ಅದೇ ಪಾಠ ಮಾಡಿದೆ. ಅನ್ಯಾಯಕ್ಕೆ ಒಳ್ಳೆಯ ಭಾಷೆ ಕಲಿಸುತ್ತಿದ್ದೇನೆಯೇ ಹೊರತು ಬೇರೇನನ್ನೂ ಅಲ್ಲ ಎಂಬುದು ಅಷ್ಟರಲ್ಲಿ ಖಚಿತವಾಗಿತ್ತು. ಸಿಲಬಸ್ ಮಾತ್ರ ಬದಲಾಗಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಯಡಿಯೂರಿನವಳು ವ್ಯವಸ್ಥೆಯ ಬಗ್ಗೆ ಸೊಗಸಾಗಿ ಬರೆದು ಮೊದಲ ದರ್ಜೆ ಪಡೆದಳು. ಮಹಡಿಯ ಕೋಣೆಗೆ ಬ್ಯಾಂಕಿನವರೊಬ್ಬರು ಬಂದರು. ರಾಯಚೂರಿನವಳು ತಿಂಗಳ ಕೊನೆಗೆ ಊರಿಗೆ ಹೋದಳು, ಪರೀಕ್ಷೆಗೆ ಕೂರಲಿಲ್ಲ.